ಕಡಲನ್ನು ನೋಡಿ ಬನ್ನಿ, ಕಿತ್ತು ತರಬೇಡಿ



ಡಿಸೆಂಬರ್, ಜನವರಿ ತಿಂಗಳು ಬಂತೆಂದರೆ ಶಾಲೆಗಳಲ್ಲಿ ಪ್ರವಾಸದ ಸಡಗರ. ನಮ್ಮ ಬೊಮ್ಮನಹಳ್ಳಿ ಕಡೆಯ ಶಾಲೆಗಳಿಂದಲೂ ಬಸ್ಸುಗಳು ಮುರ್ಡೇಶ್ವರ, ಮಲ್ಪೆ, ಉಳ್ಳಾಲ, ಕಾರವಾರಗಳ ಕಡೆಗೆ ಹೊರಡುತ್ತವೆ. ಬೆಂಗಳೂರಿನಲ್ಲಿ ಬೆಳೆದ ಎಷ್ಟೋ ಮಕ್ಕಳು ಸಮುದ್ರವನ್ನು ಮೊದಲ ಸಲ ನೋಡುವುದು ಇಂಥ ಪ್ರವಾಸದಲ್ಲೇ. ಮರಳಿ ಬರುವಾಗ ಅವರ ಚೀಲದಲ್ಲಿ ಏನಿರುತ್ತದೆ? ಕಪ್ಪೆಚಿಪ್ಪು, ಶಂಖ, ಬಣ್ಣದ ಕಲ್ಲು. ಕೆಲವರ ಚೀಲದಲ್ಲಿ ಒಣಗಿದ ನಕ್ಷತ್ರ ಮೀನೂ ಇರುತ್ತದೆ. ಸ್ವಲ್ಪ ದಿನಗಳ ನಂತರ ಅವೆಲ್ಲ ತರಗತಿಯ ವಿಜ್ಞಾನ ಮೂಲೆಗೆ ಬಂದು ಸೇರುತ್ತವೆ. ಅಲ್ಲಿ ಅವುಗಳ ಮೇಲೆ ಧೂಳು ಕೂರುತ್ತದೆ. "ಇದು ಎಲ್ಲಿ ಸಿಕ್ಕಿತು? ಯಾವ ದಿನ? ಆಗ ಇದಕ್ಕೆ ಜೀವ ಇತ್ತೇ? ಪಕ್ಕದಲ್ಲಿ ಬೇರೆ ಏನಿತ್ತು?" ಎಂದು ಕೇಳಿದರೆ ಹೇಳುವವರು ಯಾರೂ ಇರುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಸಮುದ್ರದಿಂದ ಒಂದು ಚೀಲ ಚಿಪ್ಪು ತರುವುದಕ್ಕಿಂತ ಒಂದು ಪುಟ ಟಿಪ್ಪಣಿ ತರುವುದು ದೊಡ್ಡ ವಿಜ್ಞಾನ. ಇದನ್ನು ನನಗೆ ಚೆನ್ನಾಗಿ ಮನದಟ್ಟು ಮಾಡಿಸಿದವರು ದೂರದ ತಣ್ಣನೆಯ ಸಮುದ್ರಗಳಲ್ಲಿ, ದಡದ ಹತ್ತಿರವೇ ನೀರಿಗಿಳಿದು ಜೀವಿಗಳನ್ನು ನೋಡುವ ಮುಳುಗುಗಾರರು. ಅವರು ಅಲ್ಲಿ ಏನು ನೋಡುತ್ತಾರೆ, ಹೇಗೆ ನೋಡುತ್ತಾರೆ, ಅದರಿಂದ ನಮಗೇನು ಪ್ರಯೋಜನ? ಬನ್ನಿ, ಒಂದೊಂದಾಗಿ ತಿಳಿಯೋಣ.

ನೀರಿನೊಳಗೆ ಉಸಿರಾಟ

ಮೀನಿಗೆ ಕಿವಿರು ಇದೆ. ನಮಗಿಲ್ಲ. ಆದ್ದರಿಂದ ನೀರಿನೊಳಗೆ ಹೋಗುವವರು ಗಾಳಿಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ಹೋಗಬೇಕು. ಇದಕ್ಕೆ ಬೇಕಾದ ಉಪಕರಣವನ್ನು 1943ರಲ್ಲಿ ಫ್ರಾನ್ಸ್ ದೇಶದ ಜಾಕ್ ಕೂಸ್ತೋ ಮತ್ತು ಎಮಿಲ್ ಗಾನ್ಯಾ ಎಂಬ ಇಬ್ಬರು ರೂಪಿಸಿದರು. ಹೀಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನೇ ಇಂದು ಸ್ಕೂಬಾ ಡೈವಿಂಗ್ ಎನ್ನುತ್ತಾರೆ.

ಆ ಸಿಲಿಂಡರಿನಲ್ಲಿ ಇರುವುದು ಬರೀ ಆಮ್ಲಜನಕ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಸಾಮಾನ್ಯವಾಗಿ ಅದರಲ್ಲಿ ಇರುವುದು ನಾವು ಈಗ ಉಸಿರಾಡುತ್ತಿರುವ ಗಾಳಿಯೇ. ಅದನ್ನು ಸುಮಾರು 200 ಪಟ್ಟು ಒತ್ತಡದಲ್ಲಿ ಅದುಮಿ ತುಂಬಿರುತ್ತಾರೆ.

ನೀರಿನಲ್ಲಿ ಕೆಳಗೆ ಹೋದಂತೆ ಒತ್ತಡ ಹೆಚ್ಚುತ್ತದೆ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಸೇರುತ್ತದೆ. ಅಂದರೆ 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಅಲ್ಲಿ ಒಂದೊಂದು ಉಸಿರಿಗೂ ಎರಡು ಪಟ್ಟು ಗಾಳಿ ಖರ್ಚಾಗುತ್ತದೆ. ಗಾಬರಿಯಿಂದ ಕೈಕಾಲು ಬಡಿದರೆ ಇನ್ನೂ ಬೇಗ ಖಾಲಿ! ಆದ್ದರಿಂದ ಮುಳುಗುಗಾರರು ಕಲಿಯುವ ಮೊದಲ ಪಾಠವೇ ನಿಧಾನ. ನಿಧಾನವಾಗಿ ಉಸಿರಾಡಬೇಕು, ನಿಧಾನವಾಗಿ ಚಲಿಸಬೇಕು, ಮೇಲೆ ಬರುವಾಗಲೂ ಉಸಿರು ಕಟ್ಟದೆ ನಿಧಾನವಾಗಿ ಬರಬೇಕು.

ತಣ್ಣನೆಯ ಸಮುದ್ರವಾದರೆ ಇನ್ನೊಂದು ತೊಂದರೆ ಇದೆ. ಚಳಿಗಾಲದಲ್ಲಿ ಬೆಂಗಳೂರಿನ ಬೆಳಗಿನ ಗಾಳಿ ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಒಂದು ಸ್ವೆಟರ್ ಹಾಕಿಕೊಂಡು ನೀವು ಶಾಲೆಗೆ ಬರುತ್ತೀರಿ. ಆದರೆ ಅಷ್ಟೇ ತಣ್ಣಗಿರುವ ಬಕೆಟ್ ನೀರಿನಲ್ಲಿ ಕೈಯಿಟ್ಟು ಕುಳಿತುಕೊಳ್ಳಿ ನೋಡೋಣ! ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ನಮ್ಮ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಅದಕ್ಕಾಗಿ ಮುಳುಗುಗಾರರು ದಪ್ಪ ರಬ್ಬರಿನಂತಹ ಉಡುಪು ತೊಡುತ್ತಾರೆ. ಆ ಉಡುಪಿನಲ್ಲಿ ಸಣ್ಣ ಸಣ್ಣ ಗಾಳಿಯ ಗುಳ್ಳೆಗಳು ಸೇರಿರುತ್ತವೆ. ಅವು ಶಾಖವನ್ನು ಹೊರಗೆ ಬಿಡುವುದಿಲ್ಲ. ಇಷ್ಟಾದರೂ ಅರ್ಧ ಗಂಟೆ, ಮುಕ್ಕಾಲು ಗಂಟೆಯೊಳಗೆ ಮೇಲೆ ಬರಲೇಬೇಕಾಗುತ್ತದೆ.

ಇಷ್ಟು ಕಷ್ಟಪಟ್ಟು ಹೋದವರು ಏನು ಮಾಡುತ್ತಾರೆ? ಒಳ್ಳೆಯ ಮುಳುಗುಗಾರರು ಯಾವುದನ್ನೂ ಮುಟ್ಟುವುದಿಲ್ಲ. ನೋಡುತ್ತಾರೆ. ನೀರಿನಲ್ಲೂ ಬರೆಯಬಹುದಾದ ಸ್ಲೇಟು ಅವರ ಕೈಯಲ್ಲಿ ಇರುತ್ತದೆ. ಅದರ ಮೇಲೆ ಪೆನ್ಸಿಲಿನಿಂದ ಎಣಿಕೆ ಬರೆದುಕೊಳ್ಳುತ್ತಾರೆ. ಸ್ಲೇಟು, ಪೆನ್ಸಿಲ್ ಎಂದರೆ ನಿಮ್ಮದೇ ಸಾಮಾನು ಅಲ್ಲವೇ?

ತಣ್ಣೀರಿನಲ್ಲಿ ಜೀವ ಹೆಚ್ಚೇಕೆ?

ಬೆಚ್ಚಗಿರುವ ಕಡೆ ಜೀವಿಗಳು ಹೆಚ್ಚು, ತಣ್ಣಗಿರುವ ಕಡೆ ಕಡಿಮೆ ಎಂದು ನಮಗೆ ತೋರುತ್ತದೆ. ನೆಲದ ಮೇಲೆ ಬಹುಮಟ್ಟಿಗೆ ಅದು ನಿಜ. ಸಮುದ್ರದಲ್ಲಿ ಲೆಕ್ಕ ಸ್ವಲ್ಪ ಬೇರೆ. ಹವಳದ ದಿಬ್ಬಗಳಿರುವ ಬೆಚ್ಚನೆಯ ಕಡಲುಗಳಲ್ಲಿ ಜೀವಿಗಳ ಬಗೆಗಳು ಹೆಚ್ಚು. ಆದರೆ ಹೆಚ್ಚು ತೂಕದ ಮೀನು, ದಟ್ಟವಾದ ಪಾಚಿಗಳು ಸಿಗುವುದು ಅನೇಕ ಸಲ ತಣ್ಣನೆಯ ನೀರಿನಲ್ಲಿ. ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ.

ಒಂದು, ತಣ್ಣನೆಯ ನೀರು ಹೆಚ್ಚು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 10 ಡಿಗ್ರಿ ಇರುವ ಒಂದು ಲೀಟರ್ ಸಿಹಿನೀರಿನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. ಅದೇ ನೀರು 30 ಡಿಗ್ರಿಗೆ ಬಿಸಿಯಾದರೆ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ಉಪ್ಪುನೀರಿನಲ್ಲಿ ಎರಡೂ ಇನ್ನಷ್ಟು ಕಡಿಮೆ.

ಎರಡು, ಆಹಾರ. ಸಮುದ್ರದಲ್ಲಿ ಸತ್ತ ಜೀವಿಗಳು ಕೆಳಗೆ ಮುಳುಗಿ ಕೊಳೆಯುತ್ತವೆ. ಹೀಗಾಗಿ ಗೊಬ್ಬರದಂತಹ ಪೋಷಕಾಂಶಗಳೆಲ್ಲ ಆಳದ ತಣ್ಣನೆಯ ನೀರಿನಲ್ಲಿ ಸೇರಿಕೊಂಡಿರುತ್ತವೆ. ಆ ನೀರು ಮೇಲೆದ್ದು ಬಿಸಿಲಿಗೆ ಬಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯ ಪ್ಲವಕಗಳು ಕೋಟಿ ಕೋಟಿಯಾಗಿ ಬೆಳೆಯುತ್ತವೆ. ಅವನ್ನು ತಿನ್ನಲು ಪ್ರಾಣಿ ಪ್ಲವಕಗಳು, ಅವನ್ನು ತಿನ್ನಲು ಸಣ್ಣ ಮೀನು, ಅದನ್ನು ತಿನ್ನಲು ದೊಡ್ಡ ಮೀನು. ಆಹಾರ ಸರಪಳಿ ನಿಮಗೆ ಗೊತ್ತೇ ಇದೆ.

ನೀವೇ ಮಾಡಿ ನೋಡಿ: ಎರಡು ಗಾಜಿನ ಲೋಟಗಳಲ್ಲಿ ತಣ್ಣನೆಯ ನಲ್ಲಿ ನೀರು ತುಂಬಿ. ಒಂದನ್ನು ನೆರಳಿನಲ್ಲಿಡಿ, ಇನ್ನೊಂದನ್ನು ಬಿಸಿಲಿನಲ್ಲಿಡಿ. ಒಂದೆರಡು ಗಂಟೆಯ ನಂತರ ಎರಡೂ ಲೋಟಗಳ ಒಳಗೋಡೆಯನ್ನು ಗಮನಿಸಿ. ಬಿಸಿಲಿನ ಲೋಟದಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಹೆಚ್ಚಾಗಿ ಅಂಟಿಕೊಂಡಿರುತ್ತವೆ. ನೀರು ಬೆಚ್ಚಗಾದಾಗ ಅದರಲ್ಲಿ ಕರಗಿದ್ದ ಗಾಳಿ ಹೊರಗೆ ಬರುತ್ತಿದೆ ಎಂದರ್ಥ. ಮೀನಿನ ಉಸಿರು ಆ ಗುಳ್ಳೆಗಳೊಂದಿಗೆ ಹೋಗುತ್ತಿದೆ!

ಅಮೆರಿಕದ ಪಶ್ಚಿಮ ತೀರದ ಕ್ಯಾಲಿಫೋರ್ನಿಯಾದಲ್ಲಿ ದಡದ ಸಮೀಪದ ಸಮುದ್ರ ಇಂಥದ್ದು. ಅಲ್ಲಿ ಕೆಲ್ಪ್ ಎಂಬ ದೈತ್ಯ ಕಂದು ಪಾಚಿ ನೀರಿನೊಳಗೆ ಕಾಡಿನಂತೆ ಬೆಳೆಯುತ್ತದೆ. ಅನುಕೂಲವಿದ್ದರೆ ಅದು ದಿನಕ್ಕೆ ಅರ್ಧ ಮೀಟರ್‌ವರೆಗೂ ಬೆಳೆಯಬಲ್ಲದು. ಪ್ಲವಕಗಳಿಂದ ನೀರು ಹಸಿರಾಗಿ ಮಬ್ಬಾಗಿರುವುದರಿಂದ ದೂರದ್ದು ಕಾಣುವುದಿಲ್ಲ. ಹಾಗಾಗಿ ಮುಳುಗುಗಾರರು ಒಂದೇ ಬಂಡೆಯ ಮುಂದೆ ನಿಂತು ಹತ್ತಿರದಿಂದ ನೋಡಬೇಕಾಗುತ್ತದೆ. ಆಗ ಏನೆಲ್ಲ ಕಾಣುತ್ತದೆ ಗೊತ್ತೇ?

ಹೂವಿನಂತೆ ಅರಳಿದ ಅನಿಮೋನ್ ಕಾಣುತ್ತದೆ. ಅದು ಹೂವಲ್ಲ, ಪ್ರಾಣಿ. ಅದರ 'ಎಸಳು'ಗಳು ಕುಟುಕುವ ಬೆರಳುಗಳು. ಮುಟ್ಟಿದರೆ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಂಡಷ್ಟು ಹೊತ್ತು ಅದಕ್ಕೆ ಊಟವಿಲ್ಲ. ನೂರಾರು ಪುಟ್ಟ ಕೊಳವೆ ಪಾದಗಳ ಮೇಲೆ ನಡೆಯುವ ನಕ್ಷತ್ರ ಮೀನು ಕಾಣುತ್ತದೆ. ಹೆಸರಿನಲ್ಲಿ ಮೀನು ಇದ್ದರೂ ಅದಕ್ಕೆ ಬೆನ್ನೆಲುಬಿಲ್ಲ, ಕಿವಿರಿಲ್ಲ, ಅದು ಮೀನೇ ಅಲ್ಲ. ಬಂಡೆಯ ಸಂದಿಯ ಮುಂದೆ ಖಾಲಿ ಚಿಪ್ಪು, ಏಡಿಯ ಕಾಲುಗಳು ರಾಶಿ ಬಿದ್ದಿದ್ದರೆ ಮುಳುಗುಗಾರರು ಅಲ್ಲೇ ನಿಲ್ಲುತ್ತಾರೆ. ಒಳಗೆ ಆಕ್ಟೋಪಸ್ ಇರಬಹುದು. ಊಟ ಮಾಡಿ ಉಳಿದದ್ದನ್ನು ಅದು ಬಾಗಿಲಲ್ಲೇ ಎಸೆಯುತ್ತದೆ! ಆ ರಾಶಿಯನ್ನು ನೋಡಿದರೆ ಸಾಕು, ಆಕ್ಟೋಪಸ್ಸನ್ನು ಹೊರಗೆ ಎಳೆಯದೆಯೇ ಅದು ಏನು ತಿನ್ನುತ್ತದೆ ಎಂಬುದು ತಿಳಿಯುತ್ತದೆ. ಅದೇ ಚಿಪ್ಪುಗಳನ್ನು ಯಾರಾದರೂ 'ಚೆನ್ನಾಗಿವೆ' ಎಂದು ಜೇಬಿಗೆ ಹಾಕಿಕೊಂಡಿದ್ದರೆ ಈ ಸುಳಿವೇ ಸಿಗುತ್ತಿರಲಿಲ್ಲ.

ನಮ್ಮ ಸಮುದ್ರದ ತಣ್ಣೀರು

"ಅಮೆರಿಕದ ಕಥೆ ಬಿಡಿ ಸಾರ್, ನಮ್ಮ ಸಮುದ್ರ ಬೆಚ್ಚಗಿದೆಯಲ್ಲ?" ಎಂದು ನೀವು ಕೇಳಬಹುದು. ಕೇಳಲೇಬೇಕು. ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್ ಉದ್ದ. ಅಲ್ಲಿ ಅರಬ್ಬೀ ಸಮುದ್ರದ ಮೇಲ್ಮೈ ನೀರು ವರ್ಷದ ಬಹುಭಾಗ 28-30 ಡಿಗ್ರಿಯಷ್ಟು ಬೆಚ್ಚಗಿರುತ್ತದೆ.

ಆದರೆ ಮಳೆಗಾಲದಲ್ಲಿ ಒಂದು ವಿಶೇಷ ನಡೆಯುತ್ತದೆ. ಆ ಕಾಲದ ಗಾಳಿ ಮತ್ತು ಪ್ರವಾಹಗಳಿಂದಾಗಿ ಮೇಲಿನ ಬೆಚ್ಚನೆಯ ನೀರು ದಡದಿಂದ ದೂರ ಸರಿಯುತ್ತದೆ. ಖಾಲಿಯಾದ ಜಾಗವನ್ನು ತುಂಬಲು ಆಳದ ತಣ್ಣನೆಯ ನೀರು ದಡದ ಕಡೆಗೆ ಮೇಲೇರಿ ಬರುತ್ತದೆ. ನಮ್ಮ ತೀರದಲ್ಲಿ ಇದು ಹೊರಗೆ ಸುಲಭವಾಗಿ ಕಾಣುವುದಿಲ್ಲ. ಏಕೆಂದರೆ ಶರಾವತಿ, ಕಾಳಿ, ನೇತ್ರಾವತಿಯಂತಹ ನದಿಗಳು ತಂದು ಸುರಿಯುವ ಹಗುರವಾದ ಸಿಹಿನೀರು ಮೇಲೆ ಹೊದಿಕೆಯಂತೆ ಹರಡಿರುತ್ತದೆ. ಅದರ ಕೆಳಗೆ ತಣ್ಣೀರು. ಈ ನೀರು ತಂದ ಪೋಷಕಾಂಶಗಳಿಂದ ಪ್ಲವಕಗಳು ಬೆಳೆಯುತ್ತವೆ. ಕರಾವಳಿಯವರ ಮನೆಯ ಭೂತಾಯಿ, ಬಂಗುಡೆ ಮೀನುಗಳ ಹಿಂಡು ಬೆಳೆಯುವುದು ಈ ಊಟದಿಂದಲೇ. ಆ ಸಮಯ ಹಲವು ಮೀನುಗಳು ಮೊಟ್ಟೆಯಿಡುವ ಕಾಲವೂ ಹೌದು. ಅದಕ್ಕಾಗಿ ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ರಾಜ್ಯದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ.

ಇಲ್ಲೊಂದು ಅಚ್ಚರಿ ಇದೆ. ತಣ್ಣನೆಯ ನೀರಿನಲ್ಲಿ ಆಮ್ಲಜನಕ ಹೆಚ್ಚು ಎಂದು ಮೇಲೆ ಹೇಳಿದೆ. ನಮ್ಮಲ್ಲಿ ಮೇಲೇರುವ ತಣ್ಣೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ! ಏಕೆ? ಆ ನೀರು ಬಹುಕಾಲ ಆಳದಲ್ಲೇ ಇದ್ದದ್ದು. ಕೊಳೆಯುವ ಕ್ರಿಯೆಯಲ್ಲಿ ಅದರ ಆಮ್ಲಜನಕ ಆಗಲೇ ಖರ್ಚಾಗಿರುತ್ತದೆ. ನೀರು ಎಷ್ಟು ಹಿಡಿದುಕೊಳ್ಳಬಲ್ಲದು ಎಂಬುದು ಒಂದು, ಈಗ ಅದರಲ್ಲಿ ಎಷ್ಟಿದೆ ಎಂಬುದು ಇನ್ನೊಂದು. ದೊಡ್ಡ ಬಿಂದಿಗೆಯೂ ಖಾಲಿ ಇರಬಹುದು ಅಲ್ಲವೇ? ಪುಸ್ತಕದ ಒಂದು ವಾಕ್ಯ ಓದಿ "ತಣ್ಣೀರೆಂದರೆ ಆಮ್ಲಜನಕ" ಎಂದು ಬರೆದುಬಿಟ್ಟಿದ್ದರೆ ತಪ್ಪಾಗುತ್ತಿತ್ತು. ಅಳೆದು ನೋಡಿದ್ದರಿಂದ ನಿಜ ತಿಳಿಯಿತು.

ಅಳೆದವರು ಯಾರು? ಗೋವಾದ ದೋನಾ ಪೌಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ. ಅಲ್ಲಿನ ವಿಜ್ಞಾನಿಗಳು 1990ರ ದಶಕದ ಕೊನೆಯಿಂದ ಕ್ಯಾಂಡೋಲಿಮ್ ಎದುರಿನ ಕಡಲಲ್ಲಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ, ಬೇರೆ ಬೇರೆ ಆಳದ ನೀರು ತೆಗೆದು, ಉಷ್ಣತೆ ಮತ್ತು ಆಮ್ಲಜನಕವನ್ನು ಅಳೆದು ಬರೆದಿಟ್ಟರು. ಒಂದು ಸಲ ಹೋಗಿ ಬಂದಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ. ಒಂದೇ ಜಾಗ, ಹಲವು ಸಲ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ನೇತ್ರಾಣಿಯ ನೀರಿನಲ್ಲಿ

ನಮ್ಮ ರಾಜ್ಯದಲ್ಲೂ ಸಮುದ್ರದೊಳಗೆ ಇಳಿದು ನೋಡುವ ಜಾಗವಿದೆ. ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ಎಂಬ ದ್ವೀಪವಿದೆ. ಜನರು ವಾಸಿಸದ ಈ ದ್ವೀಪದ ಮರಗಳಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ. ಸುತ್ತಲಿನ ನೀರಿನಲ್ಲಿ ಹವಳಗಳಿವೆ. ಹವಳವನ್ನು ಕೊಕ್ಕಿನಂತಹ ಹಲ್ಲಿನಿಂದ ಕೆರೆದು ತಿನ್ನುವ ಗಿಳಿ ಮೀನು, ಚಿಟ್ಟೆ ಮೀನು, ಬಂಡೆಯ ಬಿರುಕಿನಿಂದ ತಲೆ ಹೊರಹಾಕುವ ಮೊರೆ ಹಾವುಮೀನು ಇವೆಲ್ಲ ಇಲ್ಲಿ ಕಾಣಸಿಗುತ್ತವೆ. 2022ರಲ್ಲಿ ಬಿಡುಗಡೆಯಾದ 'ಗಂಧದ ಗುಡಿ' ಸಾಕ್ಷ್ಯಚಿತ್ರದಲ್ಲಿ ನಟ ಪುನೀತ್ ರಾಜಕುಮಾರ್ ಇಲ್ಲಿ ಕಡಲಿಗಿಳಿದದ್ದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು.

ಇಲ್ಲಿ ಮುಳುಗುವ ಕಾಲ ಸುಮಾರಾಗಿ ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ. ಮಳೆಗಾಲದಲ್ಲಿ ಅಲೆಗಳ ಅಬ್ಬರ ಹೆಚ್ಚು, ನೀರೂ ಮಬ್ಬು. ಹಾಗಾಗಿ ಯಾರೂ ಇಳಿಯುವುದಿಲ್ಲ. ಗಮನಿಸಿದಿರಾ? ನಮ್ಮ ಕಡಲಿಗೆ ತಣ್ಣೀರು ಬರುವ ಕಾಲದಲ್ಲೇ ನಾವು ಅದರೊಳಗೆ ಇಳಿಯಲಾರೆವು! ಕ್ಯಾಲಿಫೋರ್ನಿಯಾದ ಮುಳುಗುಗಾರರಿಗೆ ಸಿಗುವ ನೋಟ ನಮಗೆ ಸಿಗುವುದಿಲ್ಲ. ಆದ್ದರಿಂದ ನಮ್ಮಲ್ಲಿ ದಡದಿಂದ ನೋಡಿ ಬರೆಯುವವರ ಟಿಪ್ಪಣಿಗೆ ಇನ್ನೂ ಹೆಚ್ಚು ಬೆಲೆ ಎಂದು ನಾನು ಹೇಳುತ್ತೇನೆ.

ಇಲ್ಲಿ ಕಾನೂನಿನ ಮಾತೂ ಒಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಲಿ, ಆನೆಗಳಿಗಷ್ಟೇ ಅಲ್ಲ. ದಿಬ್ಬ ಕಟ್ಟುವ ಹವಳ, ಕಡಲ ಕುದುರೆ, ತಿಮಿಂಗಿಲ ಶಾರ್ಕ್ ಇವುಗಳಿಗೂ 2001ರಿಂದ ಅದರ ರಕ್ಷಣೆ ಇದೆ. ಹವಳದ ತುಂಡನ್ನು ಚೀಲದಲ್ಲಿ ತರುವುದು ಕಾಡಿನಿಂದ ಜಿಂಕೆಯ ಕೊಂಬು ತಂದಂತೆಯೇ.

ನಕ್ಷತ್ರ ಮೀನು ಕಲಿಸಿದ ಪಾಠ

ಟಿಪ್ಪಣಿ ಬರೆಯುವುದರಿಂದ ಏನಾಗುತ್ತದೆ ಎಂದು ಕೇಳುವವರಿಗೆ ಈ ಘಟನೆ ಹೇಳಬೇಕು.

1963ರಲ್ಲಿ ರಾಬರ್ಟ್ ಪೇನ್ ಎಂಬ ಜೀವವಿಜ್ಞಾನಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡಲತೀರದಲ್ಲಿ ಒಂದು ಪ್ರಯೋಗ ಆರಂಭಿಸಿದರು. ಬಂಡೆಯ ಒಂದು ಚಿಕ್ಕ ಭಾಗದಿಂದ ನಕ್ಷತ್ರ ಮೀನುಗಳನ್ನು ತೆಗೆಯುತ್ತ ಹೋದರು. ಪಕ್ಕದ ಭಾಗವನ್ನು ಹಾಗೇ ಬಿಟ್ಟರು. ನಕ್ಷತ್ರ ಮೀನು ಇಲ್ಲದ ಕಡೆ ಏನಾಯಿತು? ನಮ್ಮ ಕರಾವಳಿಯವರು ಪಚ್ಚಿಲೆ ಎನ್ನುವ ಚಿಪ್ಪುಜೀವಿಯ ಸಂಬಂಧಿಯೊಂದು ಬಂಡೆಯನ್ನೆಲ್ಲ ಆಕ್ರಮಿಸಿತು. ಮೊದಲು ಅಲ್ಲಿ 15 ಬಗೆಯ ಜೀವಿಗಳಿದ್ದವು. ಉಳಿದದ್ದು 8. ಪಚ್ಚಿಲೆಯನ್ನು ತಿಂದು ಉಳಿದವರಿಗೆ ಜಾಗ ಮಾಡಿಕೊಡುತ್ತಿದ್ದುದು ಆ ನಕ್ಷತ್ರ ಮೀನೇ ಎಂಬುದು ಹೀಗೆ ಗೊತ್ತಾಯಿತು.

ಐವತ್ತು ವರ್ಷಗಳ ನಂತರ, 2013ರಲ್ಲಿ, ಅದೇ ತೀರದ ಉದ್ದಕ್ಕೂ ನಕ್ಷತ್ರ ಮೀನುಗಳು ಸಾಯತೊಡಗಿದವು. ಮೈಮೇಲೆ ಹುಣ್ಣು, ತೋಳುಗಳು ಕಳಚಿ ಬೀಳುವುದು, ಕೊನೆಗೆ ಕರಗಿದಂತೆ ಆಗಿಹೋಗುವುದು. ಒಂದು ಮೀಟರ್ ಅಗಲಕ್ಕೂ ಬೆಳೆಯಬಲ್ಲ, ಇಪ್ಪತ್ತಕ್ಕೂ ಹೆಚ್ಚು ತೋಳುಗಳಿರಬಹುದಾದ 'ಸೂರ್ಯಕಾಂತಿ ನಕ್ಷತ್ರ' ಎಂಬ ಜಾತಿ ನೂರಕ್ಕೆ ತೊಂಬತ್ತರಷ್ಟು ನಾಶವಾಯಿತು. ಅದು ಮೈತುಂಬ ಮುಳ್ಳಿರುವ ಚೆಂಡಿನಂತಹ ಸೀ ಅರ್ಚಿನ್ ಎಂಬ ಜೀವಿಯನ್ನು ತಿನ್ನುತ್ತಿತ್ತು. ತಿನ್ನುವವರು ಇಲ್ಲವಾದಾಗ ಅರ್ಚಿನ್‌ಗಳು ಹೆಚ್ಚಿದವು. ಅವು ಕೆಲ್ಪ್ ಕಾಡನ್ನು ಮೇಯ್ದವು. ಆಗಲೇ ಸಮುದ್ರದ ನೀರೂ ಎಂದಿಗಿಂತ ಬೆಚ್ಚಗಾಗಿತ್ತು. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕೆಲ್ಪ್ ಕಾಡಿನ ಬಹುಭಾಗ ಇಲ್ಲವಾಯಿತು.

ಎಷ್ಟು ನಾಶವಾಯಿತು ಎಂದು ಹೇಗೆ ತಿಳಿಯಿತು? ವಿಜ್ಞಾನಿಗಳ ಬಳಿ ಇದ್ದ ಲೆಕ್ಕದ ಜೊತೆಗೆ, ವರ್ಷ ವರ್ಷವೂ ಅದೇ ತೀರಗಳಲ್ಲಿ ಮುಳುಗಿ "ಇಂದು ಇಷ್ಟು ಕಂಡವು" ಎಂದು ಬರೆದಿಟ್ಟ ಸಾಮಾನ್ಯ ಮುಳುಗುಗಾರರ ಲೆಕ್ಕವೂ ನೆರವಾಯಿತು. ಅವರಲ್ಲಿ ಎಷ್ಟೋ ಜನ ವಿಜ್ಞಾನಿಗಳಲ್ಲ, ರಜಾದಿನ ನೀರಿಗಿಳಿಯುವ ಹವ್ಯಾಸಿಗಳು. ರೋಗಕ್ಕೆ ಕಾರಣ ಹುಡುಕಲು ಹನ್ನೆರಡು ವರ್ಷ ಹಿಡಿಯಿತು. ವಿಬ್ರಿಯೊ ಗುಂಪಿನ ಒಂದು ಬ್ಯಾಕ್ಟೀರಿಯ ಇದಕ್ಕೆ ಕಾರಣವೆಂದು 2025ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಕಾಲರಾ ತರುವ ಬ್ಯಾಕ್ಟೀರಿಯವೂ ಇದೇ ಗುಂಪಿನದು.

ಆ ಹವ್ಯಾಸಿಗಳು ಪ್ರತಿ ಸಲವೂ ಒಂದೊಂದು ನಕ್ಷತ್ರ ಮೀನನ್ನು ಮನೆಗೆ ಒಯ್ದಿದ್ದರೆ? ಕಪಾಟು ತುಂಬುತ್ತಿತ್ತು. ಲೆಕ್ಕ ಮಾತ್ರ ಯಾರ ಬಳಿಯೂ ಇರುತ್ತಿರಲಿಲ್ಲ.

ನಿಮ್ಮ ಪ್ರಶ್ನೆಗಳಿಗೆ ನನ್ನ ಉತ್ತರ

"ನಾನೊಬ್ಬ ಮೂರು ಚಿಪ್ಪು ತಂದರೆ ಸಮುದ್ರಕ್ಕೇನು ಕಡಿಮೆ?" ಇದು ನ್ಯಾಯವಾದ ಪ್ರಶ್ನೆ. ಲೆಕ್ಕ ಮಾಡೋಣ. ಒಂದು ಬಸ್ಸಿನಲ್ಲಿ 40 ಮಕ್ಕಳು, ತಲಾ ಮೂರು ಚಿಪ್ಪು ಎಂದರೆ 120. ದಿನಕ್ಕೆ ಹತ್ತು ಬಸ್ಸು ಬಂದರೆ 1,200. ರಜೆಯ ಒಂದು ತಿಂಗಳಿಗೆ? ಗುಣಿಸಿ ನೋಡಿ. ಖಾಲಿ ಚಿಪ್ಪು ಯಾರಿಗೂ ಬೇಡದ ವಸ್ತುವಲ್ಲ. ಸನ್ಯಾಸಿ ಏಡಿಗೆ ಹಿಂಭಾಗದಲ್ಲಿ ಗಟ್ಟಿ ಕವಚವಿಲ್ಲ. ಅದು ಖಾಲಿ ಶಂಖವನ್ನೇ ಮನೆ ಮಾಡಿಕೊಳ್ಳುತ್ತದೆ. ಮೈ ಬೆಳೆದಂತೆ ದೊಡ್ಡ ಮನೆ ಬೇಕು. ಬಾಡಿಗೆ ಮನೆ ಹುಡುಕುವ ಕಷ್ಟ ನಮ್ಮ ಬೊಮ್ಮನಹಳ್ಳಿಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ!

"ಕಾಲೇಜಿನ ಪ್ರಯೋಗಾಲಯದಲ್ಲಿ ಬಾಟಲಿಗಳಲ್ಲಿ ಜೀವಿಗಳನ್ನು ಇಟ್ಟಿರುತ್ತಾರಲ್ಲ? ಪೇನ್ ಕೂಡ ನಕ್ಷತ್ರ ಮೀನು ತೆಗೆದರಲ್ಲ?" ನಿಜ. ವಿಜ್ಞಾನಕ್ಕೆ ಕೆಲವೊಮ್ಮೆ ಮಾದರಿ ಬೇಕಾಗುತ್ತದೆ. ಆದರೆ ಅವರ ಬಳಿ ಮೊದಲು ಒಂದು ಪ್ರಶ್ನೆ ಇರುತ್ತದೆ. ಬೇಕಾದಲ್ಲಿ ಅನುಮತಿ ಪಡೆದಿರುತ್ತಾರೆ. ಎಲ್ಲಿ, ಯಾವಾಗ, ಯಾರು ಎಂದು ಚೀಟಿ ಅಂಟಿಸಿರುತ್ತಾರೆ. ಒಂದೇ ಮಾದರಿಯನ್ನು ಹತ್ತಾರು ವರ್ಷ ನೂರಾರು ವಿದ್ಯಾರ್ಥಿಗಳು ನೋಡುತ್ತಾರೆ. ಪ್ರಶ್ನೆಯೂ ಇಲ್ಲದ, ಚೀಟಿಯೂ ಇಲ್ಲದ ಚಿಪ್ಪು ಮಾದರಿಯಲ್ಲ, ಬರೀ ಆಟದ ಸಾಮಾನು.

"ಸ್ಕೂಬಾ ಮಾಡಲು ಸಾವಿರಾರು ರೂಪಾಯಿ ಬೇಕು. ನಮ್ಮ ಅಪ್ಪ ಅಮ್ಮ ಎಲ್ಲಿಂದ ತರುತ್ತಾರೆ?" ಈ ಪ್ರಶ್ನೆಯೇ ನನ್ನನ್ನು ಈ ಲೇಖನ ಬರೆಯುವಂತೆ ಮಾಡಿದ್ದು. ವಿಜ್ಞಾನ ದುಡ್ಡಿದ್ದವರಿಗೆ ಮಾತ್ರ ಎಂಬ ಭಾವನೆ ನಿಮಗೆ ಬರಬಾರದು. ಸಮುದ್ರ ದಿನಕ್ಕೆ ಎರಡು ಸಲ ತಾನಾಗಿಯೇ ಹಿಂದೆ ಸರಿದು ತನ್ನ ಅಂಗಳವನ್ನು ತೋರಿಸುತ್ತದೆ. ಅದೇ ಇಳಿತ. ಆಗ ಬಂಡೆಗಳ ನಡುವಿನ ಹೊಂಡಗಳಲ್ಲಿ ನೀರು ಉಳಿಯುತ್ತದೆ. ಉಳ್ಳಾಲದ ಬಳಿಯ ಸೋಮೇಶ್ವರ, ಮಲ್ಪೆಯ ಸೇಂಟ್ ಮೇರಿಸ್ ದ್ವೀಪ, ಗೋಕರ್ಣದ ಬಂಡೆಗಳಂತಹ ಕಡೆ ಇಂಥ ಹೊಂಡಗಳಿವೆ. ಅನಿಮೋನ್, ಸನ್ಯಾಸಿ ಏಡಿ, ಬಂಡೆಗೆ ಅಂಟಿದ ಬಾರ್ನಕಲ್, ಪುಟ್ಟ ಮೀನುಗಳು ಇವುಗಳಲ್ಲಿ ಕೆಲವಾದರೂ ಅಲ್ಲಿ ಕಾಣುತ್ತವೆ. ಸಿಲಿಂಡರ್ ಬೇಡ, ರಬ್ಬರ್ ಉಡುಪು ಬೇಡ. ಶಿಕ್ಷಕರು ಜೊತೆಯಲ್ಲಿರಬೇಕು, ಮಳೆಗಾಲ ಆಗಿರಬಾರದು, ಅಲೆಗಳಿಗೆ ಬೆನ್ನು ಹಾಕಿ ನಿಲ್ಲಬಾರದು. ಇಷ್ಟೇ ನಿಯಮ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಲ್ಲಿನ ಮೀನುಗಾರರನ್ನು ಕೇಳಿದರೆ ಆ ದಿನದ ಹೊತ್ತು ಹೇಳುತ್ತಾರೆ.

ಬೊಮ್ಮನಹಳ್ಳಿಗೂ ಕಡಲಿಗೂ ಏನು ನಂಟು?

ಪ್ರವಾಸಕ್ಕೂ ಹೋಗಲಾಗದವರು ಏನು ಮಾಡಬೇಕು? ಅವರಿಗೆ ನಮ್ಮ ಕೆರೆಗಳಿವೆ. ಮಡಿವಾಳ ಕೆರೆ, ಬೇಗೂರು ಕೆರೆ, ಹುಳಿಮಾವು ಕೆರೆ, ಜೆ.ಪಿ.ನಗರದ ಪುಟ್ಟೇನಹಳ್ಳಿ ಕೆರೆ. ಇವು ಕಡಲಿಗೆ ಸಂಬಂಧವಿಲ್ಲದವು ಎಂದುಕೊಳ್ಳಬೇಡಿ. ಮಡಿವಾಳ ಕೆರೆಯ ಕಡೆಯ ನೀರು ಅಗರ, ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿ ನದಿ ಸೇರುತ್ತದೆ. ಆ ನದಿ ತಮಿಳುನಾಡಿನಲ್ಲಿ ಹರಿದು ಕಡಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನಮ್ಮ ಚರಂಡಿಗೆ ಬಿದ್ದ ಪ್ಲಾಸ್ಟಿಕ್ ಚೀಲಕ್ಕೂ ಅದೇ ದಾರಿ!

ನೀರಿನ ಉಷ್ಣತೆ ಮತ್ತು ಆಮ್ಲಜನಕದ ಪಾಠವನ್ನು ಕೆರೆಯಲ್ಲೂ ಕಾಣಬಹುದು. 2016ರ ಮಾರ್ಚ್ ತಿಂಗಳಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಕೊಳಚೆ ಸೇರಿದ ನೀರಿನಲ್ಲಿ ಕೊಳೆಯುವ ಕ್ರಿಯೆ ಹೆಚ್ಚಿ ಆಮ್ಲಜನಕ ಖರ್ಚಾಗುತ್ತದೆ. ಬೇಸಿಗೆಯಲ್ಲಿ ಬೆಚ್ಚಗಾದ ನೀರು ಹೊಸ ಆಮ್ಲಜನಕವನ್ನು ಹೆಚ್ಚು ಹಿಡಿದುಕೊಳ್ಳಲಾರದು. ರಾತ್ರಿ ದ್ಯುತಿಸಂಶ್ಲೇಷಣೆ ನಿಂತಿರುತ್ತದೆ. ಆದ್ದರಿಂದ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಅದು ಆಟವಲ್ಲ, ಅವುಗಳ ಸಂಕಟ. ಹೀಗಾಗುವುದನ್ನು ಮೊದಲು ಗಮನಿಸಿ ಹೇಳಬಲ್ಲವರು ಯಾರು? ದಿನವೂ ಆ ದಾರಿಯಲ್ಲಿ ಶಾಲೆಗೆ ಹೋಗುವ ನೀವೇ.

ಮುಳುಗುಗಾರರ ಸ್ಲೇಟಿನಂತೆ ನಿಮ್ಮದೂ ಒಂದು ಪುಸ್ತಕ ಇರಲಿ. ಅದರಲ್ಲಿ ಇಷ್ಟು ಬರೆಯಿರಿ:

1. ಜಾಗ, ದಿನಾಂಕ, ಸಮಯ. ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲಿ.
2. ಬಿಸಿಲೋ ಮೋಡವೋ, ಗಾಳಿ ಇದೆಯೋ, ಹಿಂದಿನ ದಿನ ಮಳೆ ಬಂದಿತ್ತೋ.
3. ನೀರಿನ ಬಣ್ಣ, ವಾಸನೆ, ನೊರೆ.
4. ಕಂಡ ಜೀವಿಗಳು ಮತ್ತು ಎಣಿಕೆ. ಹೆಸರು ಗೊತ್ತಿಲ್ಲದಿದ್ದರೆ ಚಿತ್ರ ಬರೆಯಿರಿ. ಹೆಸರನ್ನು ಊಹಿಸಿ ಬರೆಯಬೇಡಿ.
5. ಅದು ಏನು ಮಾಡುತ್ತಿತ್ತು? ತಿನ್ನುತ್ತಿತ್ತೇ, ಓಡುತ್ತಿತ್ತೇ, ಸುಮ್ಮನಿತ್ತೇ?
6. ಏನೂ ಕಾಣದಿದ್ದರೆ 'ಸೊನ್ನೆ' ಎಂದೇ ಬರೆಯಿರಿ. ನಕ್ಷತ್ರ ಮೀನಿನ ಕಥೆಯಲ್ಲಿ ಆ ಸೊನ್ನೆಗಳಿಗೇ ಹೆಚ್ಚು ಬೆಲೆ ಬಂದಿತ್ತು.

ಕೆರೆಯ ಹತ್ತಿರ ದೊಡ್ಡವರ ಜೊತೆಯಲ್ಲೇ ಹೋಗಿ. ನೀರಿಗೆ ಮಾತ್ರ ಇಳಿಯಬೇಡಿ. ದಡದಲ್ಲಿ ಹದಿನೈದು ನಿಮಿಷ ಸುಮ್ಮನೆ ನಿಂತರೆ ಸಾಕು. ವಾರಕ್ಕೊಮ್ಮೆ ಹೀಗೆ ಮಾಡಿದರೆ ಒಂದು ವರ್ಷದಲ್ಲಿ ಸುಮಾರು 50 ಪುಟಗಳಾಗುತ್ತವೆ. ಆ ಪುಸ್ತಕವನ್ನು ಮುಂದಿನ ವರ್ಷದ ಏಳನೇ ತರಗತಿಯವರಿಗೆ ಕೊಟ್ಟು ಹೋಗಿ. ಅವರು ಮುಂದುವರಿಸಲಿ.

ಶಿಕ್ಷಕ ಮಿತ್ರರಲ್ಲೂ ಒಂದು ಮನವಿ. ವಿಜ್ಞಾನ ಮೂಲೆಯಲ್ಲಿ ಈಗಿರುವ ಚಿಪ್ಪುಗಳನ್ನು ಎಸೆಯಬೇಕಾಗಿಲ್ಲ, ಅವುಗಳಿಂದಲೇ ಪಾಠ ಮಾಡಿ. ಹೊಸದನ್ನು ತಂದವರಿಗೆ ಬಹುಮಾನ ಕೊಡಬೇಡಿ. ಚೆನ್ನಾಗಿ ನೋಡಿ ಬರೆದವರಿಗೆ ಕೊಡಿ.

ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗವಿದೆ. ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಇದೆ. ನಿಮ್ಮಲ್ಲಿ ಯಾರಾದರೂ ಮುಂದೆ ಅಲ್ಲಿ ಓದಬಹುದು, ನೇತ್ರಾಣಿಯ ನೀರಿಗೂ ಇಳಿಯಬಹುದು. ಆ ದಿನ ಬರುವಾಗ ನಿಮಗೆ ನೋಡುವ ಅಭ್ಯಾಸ ಆಗಲೇ ಇರಬೇಕು. ಅದನ್ನು ಈ ವಾರವೇ, ಮನೆಗೆ ಹತ್ತಿರದ ಕೆರೆಯಿಂದ ಶುರು ಮಾಡಿ.